ಭಾವನವರ ಬೇರ್ಪಡಿಸುವ ಚಟ

ನಮ್ಮ ಭಾವನವರನ್ನು ಊಟಕ್ಕೆ ಕರೆಯುವುದಕ್ಕಿಂತ ಆಹಾರ ಇಲಾಖೆಯವರನ್ನು ಕರೆಯುವುದು ಕ್ಷೇಮ! ಇವರು ಉಣ್ಣುವುದಿಲ್ಲ, ತನಿಖೆ ಮಾಡುತ್ತಾರೆ. ಅಮ್ಮ ಊಟ ಬಿಟ್ಟಾಗ ಇಂಥವರನ್ನೇ ನಾವು ಕರೆಸಬೇಕಾಗಿ ಬಂತು.

ಅಕ್ಕನ ಗಂಡ. ಮನೆ ಸೀವುಡ್ಸ್‌ನಲ್ಲಿ, ಕೆಲಸ ಅಲ್ಲೇ ಹತ್ತಿರದ ಪ್ರಯೋಗಾಲಯದಲ್ಲಿ. ಟೆರಾಹರ್ಟ್ಸ್ ಎಂಬ ಕಿರಣ ಬಿಟ್ಟು ಮುಚ್ಚಿದ ಪೊಟ್ಟಣದ ಚಿತ್ರ ತೆಗೆಯುತ್ತಾರೆ. ಚಿತ್ರದ ಒಂದೊಂದು ಚುಕ್ಕೆಯಲ್ಲೂ ನಾಲ್ಕಾರು ವಸ್ತುಗಳ ಗುರುತು ಕಲಸಿಕೊಂಡಿರುತ್ತದಂತೆ. ಯಾವುದು ಸಕ್ಕರೆ, ಯಾವುದು ಔಷಧಿ ಎಂದು ಬಿಡಿಸಿ ಹೇಳುವುದು ಇವರ ಉದ್ಯೋಗ. ಒದ್ದೆಯಾಗಿದ್ದರೆ ಮಾತ್ರ ಆಟ ಮುಗಿಯಿತು. ನೀರು ಕಿರಣವನ್ನೇ ನುಂಗಿಬಿಡುತ್ತದೆ. ಇದಕ್ಕೆ ಸಂಬಳವನ್ನೂ ಕೊಡುತ್ತಾರೆ!

ಥಾಣೆಯಲ್ಲೊಂದು ಮದುವೆ. ಭಾವ ಸಾಂಬಾರ್ ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಇದರಲ್ಲಿ ಎರಡು ಸಾಂಬಾರ್ ಉಂಟು. ಒಂದು ನಿನ್ನೆಯದ್ದು." ನಿಜವೇ ಇರಬಹುದು. ಆದರೆ ಹುಡುಗಿಯ ಅಪ್ಪ ಪಕ್ಕದಲ್ಲೇ ಕೂತಿರುವಾಗ ಯಾವ ಮನುಷ್ಯ ಹೀಗೆ ಹೇಳುತ್ತಾನೆ?

"ಇನ್ನು ನೀವು ಮನೆಯಲ್ಲೇ ಉಣ್ಣಿ," ಅಕ್ಕ ಹಲ್ಲು ಕಡಿದಳು.

"ಮನೆ ಸಾಂಬಾರಿನಲ್ಲಿ ಬೇರ್ಪಡಿಸ್ಲಿಕ್ಕೆ ಎಂತ ಉಂಟು? ಬರೀ ನೀರು!"

ಡೊಂಬಿವಲಿಯ ನಮ್ಮ ಮನೆಯಲ್ಲಿ, ಪಾರ್ಶ್ವವಾಯು ಬಡಿದ ಮೇಲೆ ಅಮ್ಮನ ಮಾತು ಕಲಸಿಹೋಗಿತ್ತು. ಬೆಳಗಾದರೆ ಒಂದೇ ವರಾತ: "ಒಣಸ್ ಗಾಡಿ ಮಲ್ಪುಲೆ ಚುಕೇಲ್." ತುಳುವಿನಲ್ಲಿ ಒಣಸ್ ಎಂದರೆ ಊಟ. ನಾವು ತಟ್ಟೆ ತರುತ್ತಿದ್ದೆವು, ಅವಳು ಸಿಟ್ಟಿನಿಂದ ತಳ್ಳುತ್ತಿದ್ದಳು. ದಿನೇ ದಿನೇ ಸೊರಗುತ್ತಿದ್ದಳು.

ಭಾವ ಬಂದು ಅಮ್ಮನ ಎದುರು ಕೂತು ಅದೇ ಸಾಂಬಾರಿನ ಶೈಲಿಯಲ್ಲಿ ಕಣ್ಣು ಮುಚ್ಚಿದರು.

"ಇದರಲ್ಲೂ ನಿನ್ನೆಯದ್ದು ಉಂಟಾ ಭಾವ?" ಎಂದು ಕುಟುಕಿದೆ.

"ಉಂಟು ಮಾರಾಯ. ಇದು ಒಂದು ಮಾತಲ್ಲ, ಎರಡು. ತುಳು ಬೇರೆ ಇಡು, ಮರಾಠಿ ಬೇರೆ ಇಡು. ಒಣಸ್ ಮಲ್ಪುಲೆ, ಊಟ ಮಾಡಿ. ಗಾಡಿ ಚುಕೇಲ್, ಟ್ರೇನ್ ತಪ್ಪುತ್ತದೆ. ಅತ್ತೆ ತುಳು ಮಾತಾಡ್ತಿದ್ದದ್ದು ಮಾವನೊಟ್ಟಿಗೆ. ಮರಾಠಿ ಮಾತಾಡ್ತಿದ್ದದ್ದು ನಿನ್ನೊಟ್ಟಿಗೆ, ತುಳುವಿನಲ್ಲಿ ಕೇಳಿದ್ರೂ ನೀನು ಮರಾಠಿಯಲ್ಲೇ ಉತ್ತರ ಕೊಡ್ತಿದ್ದಿಯಲ್ಲ."

ಅಪ್ಪ ಹೋಟೆಲಿನ ರಾತ್ರಿ ಪಾಳಿ ಮುಗಿಸಿ ಬರುವುದೂ ನಾನು ಕಾಲೇಜಿಗೆ ಹೊರಡುವುದೂ ಆಗೆಲ್ಲ ಒಂದೇ ಹೊತ್ತಿಗೆ. ಅಪ್ಪ ತೀರಿಹೋಗಿ ವರ್ಷಗಳಾದವು. ಅಮ್ಮನಿಗೆ ಆ ಬೆಳಗು ಮುಗಿದಿರಲಿಲ್ಲ. ಅಪ್ಪ ಉಣ್ಣದೆ ಅವಳು ಎಂದೂ ಉಂಡವಳಲ್ಲ.

ನಾನು ಅಪ್ಪನ ಜಾಗದಲ್ಲಿ ಕೂತು, ಅಮ್ಮನಿಗೆ ಕಾಣುವಂತೆ ತಟ್ಟೆ ಖಾಲಿ ಮಾಡಿದೆ. "ಒಣಸ್ ಆಂಡ್," ಎಂದೆ. ಊಟ ಆಯಿತು.

ಅಮ್ಮ ನನ್ನನ್ನೇ ನೋಡಿದಳು. ಆಮೇಲೆ ಅಕ್ಕ ಹಿಡಿದಿದ್ದ ತುತ್ತಿಗೆ ಬಾಯಿ ತೆರೆದಳು.

ಭಾವ ಕಿಟಕಿಯತ್ತ ತಿರುಗಿ ಕನ್ನಡಕ ಒರೆಸುತ್ತಿದ್ದರು.

"ಎಂತಾಯ್ತು ಭಾವ?"

"ಎಂತ ಇಲ್ಲ. ನೀರು ಬಂದ್ರೆ ನಂಗೆ ಏನೂ ಕಾಣೂದಿಲ್ಲ ಮಾರಾಯ."