ನೀರುಗಂಟಿ ಮರಿಚನ್ನೇಗೌಡರ ಕುಕ್ಕುಟ ಸಂಧಾನ

ಸತ್ಯ ಸವೆದು, ಧರ್ಮ ಕುಂಟಿ, ನಾಟಿ ಕೋಳಿಯ ಬೆಲೆಯೊಂದೇ ಮುಗಿಲು ಮುಟ್ಟಿರುವ ಈ ಕಲಿಯುಗದ ಪ್ರಥಮ ಪಾದದಲ್ಲಿ, ಜಂಬೂದ್ವೀಪದ ಭರತಖಂಡದಲ್ಲಿ, ಗೋದಾವರಿಯ ದಕ್ಷಿಣಕ್ಕೆ ಬಹುದೂರದಲ್ಲಿ, ಕಾವೇರಿಯ ಉತ್ತರಕ್ಕೆ ತುಸುದೂರದಲ್ಲಿ, ಮಳವಳ್ಳಿ ಪಟ್ಟಣದ ನೀರಿನ ಟ್ಯಾಂಕಿನ ಹಿಂದಿನ ಬೀದಿಯಲ್ಲಿ, ನುಗ್ಗೆಮರವೇ ಧ್ವಜಸ್ತಂಭವಾಗಿ, ಬಟ್ಟೆ ಒಗೆಯುವ ಕಲ್ಲೇ ಸಿಂಹಾಸನವಾಗಿ ಮೆರೆಯುತ್ತಿದ್ದ ಒಂದು ಹಿತ್ತಿಲಿನಲ್ಲಿ ನಡೆದ ಘೋರ ಸಮರವನ್ನು ಹೇಳಲು ಹೊರಟಿದ್ದೇನೆ. ಹಿತ್ತಿಲುಗಳ ಅಧಿದೇವತೆಯೇ, ನನ್ನ ನಾಲಿಗೆಯ ಮೇಲೆ ಬಂದು ನೆಲೆಸು. ಬರುವ ಮುನ್ನ ಕಾಲು ತೊಳೆದುಕೋ. ನೀನು ಎಲ್ಲಿಂದ ಬರುತ್ತಿದ್ದೀಯೆಂದು ನನಗೆ ಗೊತ್ತು.

ಈ ಕಥೆಯ ನಾಯಕರು ಸಾಮಾನ್ಯರಲ್ಲ. ಸಪ್ತಗ್ರಾಮಜಲವಿಭಾಜಕ, ನಾಲಾದ್ವಾರೈಕರಕ್ಷಕ, ಗದ್ದೆಬದುಕಲಹಪ್ರಶಮನಧುರಂಧರ ಶ್ರೀಮಾನ್ ಮರಿಚನ್ನೇಗೌಡರು! ಕನ್ನಡಕ್ಕೂ ಸಂಸ್ಕೃತಕ್ಕೂ ಹೀಗೆ ಗಂಟು ಹಾಕಬಾರದೆಂದು ಪಂಡಿತರು ಮುನಿಯಬಹುದು. ಗೌಡರು ಇದಕ್ಕಿಂತ ಕಗ್ಗಂಟುಗಳನ್ನು ಬಿಡಿಸಿದವರೆಂದು ತಿಳಿದು ಅವರು ಸುಮ್ಮನಾಗಬೇಕು. ಬಿಡಿಸಿ ಹೇಳುವುದಾದರೆ ಅವರು ನಿವೃತ್ತ ನೀರುಗಂಟಿ. ನಾಲೆಯ ನೀರನ್ನು ಊರೂರಿಗೆ, ಗದ್ದೆಗದ್ದೆಗೆ ಸರದಿಯ ಮೇಲೆ ಬಿಡುವುದು ಅವರ ಉದ್ಯೋಗವಾಗಿತ್ತು. ಗುದ್ದಲಿ ಎತ್ತಿ ನಿಂತ ರೈತರ ನಡುವೆ ನುಗ್ಗಿ, ಇಬ್ಬರನ್ನೂ ಬೈದು, ಇಬ್ಬರಿಂದಲೂ ಟೀ ಕುಡಿದು ಬಂದವರು. ನಿವೃತ್ತಿಯಾದ ಮೇಲೆ ಬಿಡಿಸಲು ಒಂದು ಜಗಳವೂ ಸಿಗದೆ ಸೊರಗಿದ್ದರು.

ಆ ಹಿತ್ತಿಲು ಮಾತ್ರ ಅವರ ಆಳ್ವಿಕೆಗೆ ಒಳಪಟ್ಟಿರಲಿಲ್ಲ. ಅದು ಅವರ ಧರ್ಮಪತ್ನಿ, ಗೃಹಸಾಮ್ರಾಜ್ಯಸಾರ್ವಭೌಮೆ ಚಿಕ್ಕತಾಯಮ್ಮನವರದು. ಅಲ್ಲಿ ಅವರ ಏಳು ಹೇಂಟೆಗಳೂ ಒಂದು ಹುಂಜವೂ ವಾಸವಾಗಿದ್ದವು. ಹೇಂಟೆಗಳಿಗೆಲ್ಲ ಹಿರಿಯಳು ಗೌಡ್ತಿ ಎಂಬ ಕಂದುಬಣ್ಣದ ಮಹಾಕಾಯೆ: ತಿಪ್ಪೇಶ್ವರಿ, ನುಚ್ಚಕ್ಕಿಪ್ರಥಮಭೋಕ್ತ್ರಿ, ಕೀಟಕುಲಕಾಲರಾತ್ರಿ. ಅವಳು ತಿಂದು ಬಿಟ್ಟದ್ದು ಎರಡನೆಯವಳಿಗೆ, ಅವಳು ಬಿಟ್ಟದ್ದು ಮೂರನೆಯವಳಿಗೆ. ಹುಂಜವು ಕಾಂಪೌಂಡಿನ ಮೇಲೆ ನಿಂತು ಆಗಾಗ ಕೂಗಿ, ತಾನೇ ರಾಜನೆಂದು ನಂಬಿಕೊಂಡಿತ್ತು. ಅದನ್ನು ಯಾರೂ ತಿದ್ದಲು ಹೋಗಿರಲಿಲ್ಲ.

ಇಂಥ ನಿಷ್ಕಂಟಕ ರಾಜ್ಯಕ್ಕೆ ಹೊಸ ಸೊಸೆ ಸೌಭಾಗ್ಯ ಬಂದಳು. ಬರುವಾಗ ತವರಿನಿಂದ ಒಂದು ಮಂಕರಿಯಲ್ಲಿ ಕೆಂಚಿ, ಪುಟ್ಟಿ ಎಂಬ ಎರಡು ಹೇಂಟೆಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ತಾಯಿಕೋಳಿಯನ್ನು ನಾಯಿ ಹಿಡಿದುಹೋದ ಮೇಲೆ ಆ ಎರಡು ಮರಿಗಳನ್ನು ಸೆರಗಿನಲ್ಲಿ ಸುತ್ತಿ, ಬೆರಳ ತುದಿಯಿಂದ ನುಚ್ಚು ತಿನ್ನಿಸಿ ಬೆಳೆಸಿದವಳು ಅವಳೇ. ಹೊಸ ಮನೆಯಲ್ಲಿ ಅವಳು ಬಾಯ್ತುಂಬ ಮಾತಾಡುತ್ತಿದ್ದದ್ದು ಅವುಗಳ ಜೊತೆಗೆ ಮಾತ್ರ. ಗಂಡ ಒಳ್ಳೆಯವನೇ. ಆದರೆ ಮನೆಯಲ್ಲಿ ಏನೇ ವಿಷಯ ಎದ್ದರೂ "ನನ್ನೇನೂ ಕೇಳ್ಬ್ಯಾಡಿ" ಎಂದು ಬೈಕು ಹತ್ತಿ ಹೋಗುವುದು ಅವನ ವ್ರತವಾಗಿತ್ತು.

ಮಂಕರಿ ತೆರೆದ ಕ್ಷಣದಲ್ಲೇ ರಣಭೇರಿ ಮೊಳಗಿತು. ಗೌಡ್ತಿ ಒಗೆಯುವ ಕಲ್ಲನ್ನೇರಿ, ಕತ್ತಿನ ಪುಕ್ಕಗಳನ್ನು ಛತ್ರದಂತೆ ಬಿಚ್ಚಿ, ಕೊಕ್ಕೊಕ್ಕೊ ಎಂದಳು. ಕೋಳಿಭಾಷೆ ಬಾರದ ಓದುಗರಿಗಾಗಿ ಅದರ ತಾತ್ಪರ್ಯ ಹೀಗಿದೆ: "ಎಲೌ ಮಂಕರಿಸಂಭವೆಯರಿರಾ! ಈ ನುಗ್ಗೆಯ ನೆರಳು ನನ್ನದು. ನೆರಳಿನೊಳಗಣ ಹುಳು ನನ್ನದು. ಆ ಹುಳುವಿಗೆ ಮುಂದೆ ಹುಟ್ಟಲಿರುವ ಸಂತತಿಯೂ ನನ್ನದೇ. ಬಂದ ಬಸ್ಸಿನಲ್ಲಿಯೇ ಹಿಂದಿರುಗಿರಿ. ಇಲ್ಲವಾದರೆ ನಿಮ್ಮ ಜುಟ್ಟುಗಳನ್ನು ಕಿತ್ತು ಈ ತಿಪ್ಪೆಗೆ ತೋರಣ ಕಟ್ಟುವೆನು!" ಇದಕ್ಕೆ ಕೆಂಚಿ ಕೊಟ್ಟ ವೀರೋತ್ತರವನ್ನು ನಾನು ಬರೆಯಲಾರೆ. ಅವಳು ಉತ್ತರ ಕೊಡದೆ ಮಂಕರಿಯೊಳಕ್ಕೆ ಓಡಿಹೋದಳು.

ಅಂದಿನಿಂದ ಹಿತ್ತಿಲಿನಲ್ಲಿ ಪುಕ್ಕದ ಮಳೆ. ಏಳೂ ಹೇಂಟೆಗಳು ಅಟ್ಟಿಸಿಕೊಂಡು ಹೋಗುವುದು, ಎರಡು ಓಡುವುದು. ಕಾದಾಟದ ಗಲಾಟೆಯಲ್ಲಿ ಹಳೆಯ ಕೋಳಿಗಳು ಮೊಟ್ಟೆಯಿಡುವುದನ್ನೇ ಮರೆತವು. ಗೂಡಿಗೆ ಕೈಹಾಕಿ ಬರಿಗೈಯಲ್ಲಿ ಬಂದ ಚಿಕ್ಕತಾಯಮ್ಮನವರು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಶಾಸನ ಹೊರಡಿಸಿದರು.

"ನನ್ ಕೋಳಿ ಮೊಟ್ಟೆ ಇಡಾದ್ನೇ ಬುಟ್ಬುಟ್ಟವೆ. ಭಾನ್ವಾರ ಅಳಿಯಂದ್ರು ಬತ್ತಾವ್ರೆ. ಅಷ್ಟೊತ್ಗೆ ಇವೆಲ್ಲ ಒಂದಾದ್ರೆ ಸರಿ. ಇಲ್ದಿದ್ರೆ ಆ ಹೊಸ್ವೆರಡ್ನೂ ಕುಯ್ದು ಸಾರು ಮಾಡಾದೇಯ."

"ಅತ್ತೆ, ಇನ್ನೊಂದೀಟು ದಿನ ನೋಡವಾ," ಎಂದಳು ಸೌಭಾಗ್ಯ. "ಮರಿಯಿಂದ ನಾನೇ ಸಾಕಿದ್ದು ಕನತ್ತೆ."

"ಸಾಕಿದ್ರೆ? ಕೋಳಿ ಸಾಕಾದು ಯಾತಕ್ಕಮ್ಮಿ, ಮದ್ವೆ ಮಾಡಕ್ಕಾ?"

ಸೌಭಾಗ್ಯಳ ಕಣ್ಣು ತುಂಬಿತು. ಅದನ್ನು ಕಂಡದ್ದೇ ತಡ, ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ನೀರುಗಂಟಿಕುಲತಿಲಕರು ಸಿಂಹದಂತೆ ಎದ್ದರು. ಎದ್ದು, ಜಾರಿದ ಪಂಚೆಯನ್ನು ಸರಿಪಡಿಸಿಕೊಂಡು, ಮತ್ತೊಮ್ಮೆ ಎದ್ದರು.

"ಏನ್ ಮಾತು ಅಂತ ಆಡೀಯಮ್ಮಿ! ಏಳೂರ್ ಗಂಡುಸ್ರು ಗುದ್ಲಿ ಎತ್ಕಂಡು ನಿಂತಾಗ ಒಂದೇ ತೂಬ್ನಲ್ಲಿ ನೀರು ಹಂಚ್ದೋನು ಕನಮ್ಮಿ ನಾನು! ಒಂದ್ ತಲೆ ಒಡೀಲಿಲ್ಲ, ಒಂದ್ ಕೇಸ್ ಆಗ್ನಿಲ್ಲ. ಈ ಕೋಳಿ ಪಿಳ್ಳೆ ನಂಗೊಂದು ಲೆಕ್ವಾ? ಮಗ, ಸೌಭಾಗ್ಯ, ನೀನು ಅಳ್ಬ್ಯಾಡ ಕನವ್ವ. ಭಾನ್ವಾರದೊಳ್ಗೆ ಇವ್ನ ಒಂದೇ ತಟ್ಟೇಲಿ ಉಣ್ಣುಸ್ನಿಲ್ಲ ಅಂದ್ರೆ ನನ್ನ ಹೆಸ್ರು ಮರಿಚನ್ನನೇ ಅಲ್ಲ!"

"ಮೊದ್ಲು ಬಾಯಲ್ಲಿರಾದ ಉಗುದ್ಬುಟ್ಟು ಮಾತಾಡಿ," ಎಂದರು ಚಿಕ್ಕತಾಯಮ್ಮ.

ಪ್ರತಿಜ್ಞಾಬದ್ಧರಾದ ಗೌಡರು ಮೊದಲು ತಮ್ಮ ಕುಲವಿದ್ಯೆಯನ್ನೇ ಪ್ರಯೋಗಿಸಿದರು. ನುಚ್ಚಿಗೂ ಸರದಿ! ಹಳೆಯ ಕೋಳಿಗಳಿಗೆ ಮೊದಲ ಪಾಳಿ, ಹೊಸವಕ್ಕೆ ಎರಡನೆಯದು. ಕೈಯಲ್ಲಿ ಕೋಲು, ಬಾಯಲ್ಲಿ ಗದರಿಕೆ. ಆದರೆ ಗೌಡ್ತಿಯ ಪಡೆಗೆ ಮೊದಲ ಪಾಳಿ ಮುಗಿಯುವುದೆಂಬ ಸಂಗತಿಯೇ ಅರ್ಥವಾಗಲಿಲ್ಲ. ನಾಲೆಯ ಕೊನೆಯ ಗದ್ದೆಯವರಂತೆ ಕೆಂಚಿ, ಪುಟ್ಟಿಗೆ ಒಣನೆಲವೇ ಗತಿಯಾಯಿತು. ಗೌಡರು ಮೂವತ್ತು ವರ್ಷ ಕೊನೆಯ ಗದ್ದೆಯವರಿಗೆ ಹೇಳುತ್ತಿದ್ದ ಮಾತನ್ನೇ ಅವಕ್ಕೂ ಹೇಳಿದರು: "ಬತ್ತದೆ ತಡ್ಕಳಿ."

ಬರಲಿಲ್ಲ. ಭಾನುವಾರ ಮಾತ್ರ ಬಂದೇಬಿಟ್ಟಿತು.

ಬೆಳಿಗ್ಗೆ ಚಿಕ್ಕತಾಯಮ್ಮನವರು ಮಚ್ಚನ್ನು ಕಲ್ಲಿಗೆ ಉಜ್ಜಿ ಗೋಡೆಗೆ ಒರಗಿಸಿ, ತೆಂಗಿನಕಾಯಿಗೂ ಕೊತ್ತಂಬರಿಗೂ ಅಂಗಡಿಗೆ ಹೋದರು. ಮಚ್ಚು ನೋಡಿ ಸೌಭಾಗ್ಯ ಮುದ್ದೆಯ ಕೋಲು ಕೈಯಲ್ಲಿ ಹಿಡಿದು ಹಾಗೆಯೇ ನಿಂತಳು. ಅದೇ ಕ್ಷಣದಲ್ಲಿ ಗೌಡರ ತಲೆಯೊಳಗೆ ಒಂದು ಮಹೋಪಾಯವು ಹೊಳೆಯಿತು. ಇಂಥ ಉಪಾಯಗಳು ದೊಡ್ಡ ದೊಡ್ಡ ಪಟ್ಟಣಗಳಲ್ಲಿ ಕುರ್ಚಿಯ ಮೇಲೆ ಕೂತವರಿಗೂ ಹೊಳೆಯುವುದುಂಟು. ಅಲ್ಲಿಯೂ ಫಲ ಹೀಗೆಯೇ ಆಗುತ್ತದೆ.

"ಮಗ, ಇವು ಜಗ್ಳ ಆಡಾದು ಯಾಕೆ ಗೊತ್ತಾ? ಇವು ಹೊಸವು ಅಂತ ಅವ್ಕೆ ಗೊತ್ತಾಯ್ತದೆ, ಅದ್ಕೆ. ಎಲ್ಲಾವ್ಕೂ ಒಂದೇ ಬಣ್ಣ ಬಳುದ್ಬುಟ್ರೆ? ಯಾರು ಹಳಬ್ರು, ಯಾರು ಹೊಸಬ್ರು? ತಗಂಬಾ ಅರಿಸಿನದ ಡಬ್ಬ!"

"ಮಾವ, ಅದು ಅತ್ತೆ ವರ್ಸಕ್ಕಾಗೋವಷ್ಟು ಮಾಡ್ಸಿಟ್ಟಿರಾದು."

"ಜೀವ ಮುಖ್ಯವೋ ಅರಿಸಿನ ಮುಖ್ಯವೋ?"

ಬಚ್ಚಲ ಹಂಡೆಗೆ ವರ್ಷದ ಅರಿಸಿನ ಬಿತ್ತು. ಗೌಡರು ಒಂದೊಂದೇ ಕೋಳಿಯನ್ನು ಹಿಡಿದು, ಕತ್ತು ಮಾತ್ರ ಮೇಲಿಟ್ಟು ಅದ್ದಿ, ಆಮೇಲೆ ಅಂಗೈಯಿಂದ ತಲೆಗೂ ಜುಟ್ಟಿಗೂ ಬಳಿದು ಹೊರಕ್ಕೆ ಬಿಟ್ಟರು. ಕುಕ್ಕಿಸಿಕೊಂಡರು, ಪರಚಿಸಿಕೊಂಡರು, ಒಮ್ಮೆ ಬಚ್ಚಲಲ್ಲಿ ಜಾರಿ ಕೂತರು. ಹುಂಜ ಕಾಂಪೌಂಡಿನಿಂದಾಚೆ ಹಾರಿ ಪಕ್ಕದ ಮನೆಯಲ್ಲಿ ಆಶ್ರಯ ಪಡೆಯಿತು. ಕೊನೆಗೆ ಒಂಬತ್ತೂ ಹೇಂಟೆಗಳು ಹೊಂಬಣ್ಣದಲ್ಲಿ ತೊಯ್ದು ತೊಪ್ಪೆಯಾಗಿ ನುಗ್ಗೆಮರದ ಕೆಳಗೆ ನಿಂತಾಗ, ಗೌಡರು ಸೊಂಟದ ಮೇಲೆ ಕೈಯಿಟ್ಟು, ಸಮಾನತೆಯ ಆ ದಿವ್ಯದೃಶ್ಯವನ್ನು ಕಣ್ತುಂಬ ನೋಡಿದರು.

ಮೊದಲು ಒಂದು ಕೋಳಿ ಪಕ್ಕದ ಕೋಳಿಯನ್ನು ಓರೆಗಣ್ಣಿನಿಂದ ನೋಡಿತು. ಗುರುತು ಸಿಗಲಿಲ್ಲ. ಇನ್ನೊಂದು ಮತ್ತೊಂದನ್ನು ನೋಡಿತು. ಅದಕ್ಕೂ ಸಿಗಲಿಲ್ಲ. ಅಯ್ಯೋ ವಿಧಿಯೇ! ಇಲ್ಲಿಯವರೆಗೆ ಹಿತ್ತಿಲಿನಲ್ಲಿ ಇಬ್ಬರು ಪರದೇಶಿಗಳಿದ್ದರು. ಈಗ ಒಂಬತ್ತು ಮಂದಿಯಾದರು. ಆಮೇಲೆ ನಡೆದದ್ದನ್ನು ಯುದ್ಧವೆಂದರೆ ಯುದ್ಧಕ್ಕೆ ಅವಮಾನ. ಅಕ್ಕ ತಂಗಿಯನ್ನು ಕುಕ್ಕಿದಳು, ಮಗಳು ತಾಯಿಯ ಬಾಲಕ್ಕೆ ನೇತುಬಿದ್ದಳು, ಹಳದಿ ಪುಕ್ಕಗಳು ಹಾರಿ ಒಗೆದು ಹರವಿದ್ದ ಬಿಳಿ ಪಂಚೆಗೆ ಅಂಟಿದವು. ಕೆಂಚಿ, ಪುಟ್ಟಿಗೆ ಒಂದು ಅನುಕೂಲವಿತ್ತು. ಮೊದಲಿನಿಂದಲೂ ಎಲ್ಲರೂ ವೈರಿಗಳೇ ಆಗಿದ್ದರಿಂದ ಅವುಗಳಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಕುಕ್ಕಿದವರಿಗೆ ತಿರುಗಿ ಕುಕ್ಕುತ್ತಾ ನಡೆದವು. ಗೌಡ್ತಿಯ ಸ್ಥಿತಿ ಬೇರೆ. ಹುಟ್ಟಿದಂದಿನಿಂದ ತನಗೆ ದಾರಿ ಬಿಡುತ್ತಿದ್ದವರೇ ಮೈಮೇಲೆ ಬಿದ್ದಾಗ, ಆ ತಿಪ್ಪೇಶ್ವರಿ ಏನು ಮಾಡಬೇಕೆಂದು ತೋಚದೆ, ಒಲೆಯ ಸೌದೆಯ ಹಿಂದಿನ ಮೂಲೆಗೆ ಹೋಗಿ, ನೆಂದ ಪುಕ್ಕ ಮೈಗಂಟಿ ಅರ್ಧಕ್ಕರ್ಧ ಇಳಿದುಹೋದವಳಂತೆ ಕುಕ್ಕರಿಸಿ ನಡುಗುತ್ತಾ ಕೂತಳು.

ಚಿಕ್ಕತಾಯಮ್ಮನವರು ಹಿತ್ತಿಲ ಬಾಗಿಲು ತಳ್ಳಿ ಬಂದದ್ದು ಆಗಲೇ. ಗಂಡನ ಮೊಣಕೈವರೆಗಿನ ಹಳದಿ ನೋಡಿದರು. ಬರಿದಾದ ಡಬ್ಬ ನೋಡಿದರು. ಅವರು ಬೈಯಲಿಲ್ಲ. ಬೈದಿದ್ದರೆ ಗೌಡರಿಗೆ ಸ್ವಲ್ಪ ಧೈರ್ಯ ಬರುತ್ತಿತ್ತು.

"ನೋಡ್ದೆ ನಿಮ್ಮ ಸಂಧಾನ್ವ," ಎಂದಷ್ಟೇ ಹೇಳಿ ಮಚ್ಚು ಎತ್ತಿಕೊಂಡು, ಸೌದೆಯ ಹಿಂದಿನ ಮೂಲೆಗೆ ನೇರ ಹೋಗಿ, ನಡುಗುತ್ತಿದ್ದ ಕೋಳಿಯ ಎರಡೂ ಕಾಲು ಹಿಡಿದು ತಲೆಕೆಳಗಾಗಿ ಎತ್ತಿದರು. "ಹೆದುರ್ಕಂಡು ಮೂಲೆ ಸೇರ್ಕಂಡದೆ. ಇದೇ ಹೊಸ್ದು."

ಒಂದು ಮಾತು ಹೇಳುವುದು ಮರೆತಿದ್ದೆ. ಕವಿಗಳಿಗೆ ಇದು ಸಹಜ. ಗೌಡ್ತಿಯ ಬಲಗಾಲಿನ ನಡುಬೆರಳು ಸೊಟ್ಟ. ವರ್ಷಗಳಿಂದ ಸಾಕಿದ ಚಿಕ್ಕತಾಯಮ್ಮನವರು ಅದನ್ನು ಎಂದೋ ನೋಡಿ ಎಂದೋ ಮರೆತಿದ್ದರು. ಸೌಭಾಗ್ಯ ಮರೆತಿರಲಿಲ್ಲ. ಹೊಸದಾಗಿ ಬಂದವರು ಆ ಮನೆಯ ದೊಡ್ಡವರ ಹೆಜ್ಜೆಯನ್ನೇ ಎಲ್ಲಕ್ಕಿಂತ ಹೆಚ್ಚಾಗಿ ನೋಡುತ್ತಿರುತ್ತಾರೆ. ಅತ್ತೆಯ ಮುಷ್ಟಿಯಿಂದ ಆ ಸೊಟ್ಟ ಬೆರಳು ಹೊರಗೆ ಚಾಚಿತ್ತು. ಸುಮ್ಮನಿದ್ದರೆ ಮುಗಿಯಿತು. ತನ್ನ ಮಕ್ಕಳ ಜುಟ್ಟು ಕಿತ್ತವಳು ಮಧ್ಯಾಹ್ನಕ್ಕೆ ಸಾರಾಗುತ್ತಾಳೆ. ಸೌಭಾಗ್ಯ ಒಂದು ಗಳಿಗೆ ಸುಮ್ಮನೆ ಇದ್ದಳು ಕೂಡ. ನಾನು ಅವಳನ್ನು ದೇವತೆಯೆಂದು ಹೇಳುತ್ತಿಲ್ಲ.

"ಅತ್ತೆ, ಬುಡಿ ಬುಡಿ! ಅದು ನಿಮ್ ಗೌಡ್ತಿ!"

ಚಿಕ್ಕತಾಯಮ್ಮನವರು ಕೋಳಿಯನ್ನು ತಿರುಗಿಸಿ ನೋಡಿದರು. ಸೆರಗಿನಿಂದ ಅದರ ಮುಖ ಒರೆಸಿದರು. ಮಚ್ಚು ಕೈಯಿಂದ ಜಾರಿ ಸೌದೆಯ ಮೇಲೆ ಬಿತ್ತು. "ಅಯ್ಯೋ ನನ್ನವ್ವ," ಎಂದು ಅದನ್ನು ಎದೆಗೆ ಅವುಚಿಕೊಂಡು, ಬಹಳ ಹೊತ್ತು ಒಗೆಯುವ ಕಲ್ಲಿನ ಮೇಲೆ ಕೂತರು. ಆಮೇಲೆ ಸೊಸೆಯ ಕಡೆಗೆ ತಿರುಗಿದರು.

"ಮತ್ತೆ ನಿನ್ವು ಯಾವ್ವಮ್ಮಿ?"

ಸೌಭಾಗ್ಯ ನುಗ್ಗೆಮರದ ಕಡೆ ಮುಖ ತಿರುಗಿಸಿದಳು. "ನಂಗೂ ಗೊತ್ತಾಯ್ತಿಲ್ಲ ಅತ್ತೆ."

"ನನ್ ಗೌಡ್ತಿ ಗುರ್ತು ಸಿಕ್ತು. ನೀನು ಮರಿಯಿಂದ ಸಾಕಿದ್ದು ಸಿಕ್ಕಾಕಿಲ್ವಾ?"

"ಇಲ್ಲ ಅತ್ತೆ. ಎಲ್ಲ ಒಂದೇ ತರ ಅವೆ."

ಅಷ್ಟರಲ್ಲಿ ಕುಕ್ಕಾಟದಿಂದ ದಣಿದ ಹಳದಿ ಕೋಳಿಯೊಂದು ಗುಂಪಿನಿಂದ ಹೊರಬಂದು, ನೆಟ್ಟಗೆ ಸೌಭಾಗ್ಯಳ ಬಳಿಗೆ ನಡೆದು, ಅವಳ ಸೀರೆಯ ನೆರಿಗೆಯೊಳಗೆ ತಲೆ ತೂರಿಸಿ ನಿಂತಿತು. ಅದರ ಹಿಂದೆ ಇನ್ನೊಂದು ಬಂದು ಅವಳ ಕಾಲುಂಗುರವನ್ನು ಮೆಲ್ಲಗೆ ಕುಕ್ಕತೊಡಗಿತು. ಸೌಭಾಗ್ಯ ಕೆಳಗೆ ನೋಡಲಿಲ್ಲ. ಕಣ್ಣು ಮಿಟುಕಿಸದೆ ನುಗ್ಗೆಮರವನ್ನೇ ನೋಡುತ್ತಿದ್ದಳು.

ಚಿಕ್ಕತಾಯಮ್ಮನವರು ಆ ಎರಡು ಕೋಳಿಗಳನ್ನು ನೋಡಿದರು. ಸೊಸೆಯ ಮುಖವನ್ನು ನೋಡಿದರು. ಮತ್ತೆ ಕೋಳಿಗಳನ್ನು ನೋಡಿದರು.

"ಸರಿ ಬುಡು," ಎಂದರು. "ನಂಗೂ ಗೊತ್ತಾಯ್ತಿಲ್ಲ."

ಹೀಗೆ ಮುಗಿಯಿತು ಮಹಾಸಮರ. ಒಂಬತ್ತು ಹೇಂಟೆಗಳ ಆ ಸಾಮ್ರಾಜ್ಯದಲ್ಲಿ ಅಂದು ಒಂದು ಮೊಟ್ಟೆಯೂ ಇಲ್ಲದಿದ್ದ ಕಾರಣ, ಅಳಿಯನ ಬಸ್ಸು ಬರುವುದರೊಳಗೆ, ಸಪ್ತಗ್ರಾಮಜಲವಿಭಾಜಕ ಮರಿಚನ್ನೇಗೌಡರು ಹೆಂಡತಿಯ ಆಜ್ಞೆಯನ್ನು ಶಿರಸಾವಹಿಸಿ, ಚೀಲ ಹಿಡಿದು, ಬೀದಿಯ ಕೊನೆಯ ಅಂಗಡಿಯ ಮುಂದೆ ನಿಂತರು.

ಅಂಗಡಿಯವನು ಅವರ ಕೈ ನೋಡಿದ. "ಏನ್ ಗೌಡ್ರೆ, ಕೈಯೆಲ್ಲ ಅರಿಸಿನ? ಮನೇಲಿ ಸುಭಕಾರ್ಯವಾ?"

"ಸುಮ್ಕೆ ಕೊಡು ಕನಪ್ಪ," ಎಂದರು ಗೌಡರು. "ಒಂದು ಡಜನ್ ಫಾರಂ ಮೊಟ್ಟೆ."