ಪನ್ನಿ ತೆಗೆಯದ ಕೇರಂ ಬೋರ್ಡು

ಹುಮನಾಬಾದಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಕಾಕಾ ತಮ್ಮ ಸ್ವಂತದ ಒಂದೇ ಒಂದು ವಸ್ತುವನ್ನೂ ಈವರೆಗೆ ಮುಟ್ಟಿಲ್ಲ. ಇದು ಚಾಡಿಯಲ್ಲ, ಸಾಬೀತು ಮಾಡಬಲ್ಲ ಸತ್ಯ! ಅವರಿಗೊಂದು ಕೈಗಡಿಯಾರವಿದೆ, ಗಾಜಿನ ಮೇಲಿನ ಪ್ಲಾಸ್ಟಿಕ್ ಹಾಳೆ ಹಳದಿಗಟ್ಟಿ ಮುಳ್ಳು ಕಾಣದಿರುವುದರಿಂದ ಗಂಟೆ ಎಷ್ಟೆಂದು ಪಕ್ಕದ ಅಂಗಡಿಯವರನ್ನು ಕೇಳುತ್ತಾರೆ. ಸೈಕಲ್ಲಿದೆ, ಅದರ ಕಂಬಿಗಳಿಗೆ ಸುತ್ತಿ ಬಂದ ಖಾಕಿ ಕಾಗದ ಇಂದಿಗೂ ಹಾಗೇ ಇದೆ, ಹರಿದಲ್ಲೆಲ್ಲ ತೇಪೆ ಹಾಕಿದ್ದಾರೆ. ರೇಡಿಯೋದ ಮೇಲೆ ಪ್ಲಾಸ್ಟಿಕ್, ಅದರ ಮೇಲೊಂದು ಗವಸು. ಸುದ್ದಿ ಓದುವವರಿಗೆಲ್ಲ ವರ್ಷವಿಡೀ ನೆಗಡಿ! ಹೀಗಿರುವಾಗ ಅವರು ಮುಟ್ಟಿದ್ದು ಏನನ್ನು? ಗಡಿಯಾರವನ್ನೋ, ಅದರ ಹೊದಿಕೆಯನ್ನೋ?

ನಾನು ಬಸವಕಲ್ಯಾಣದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪು ಗೆದ್ದವನು. ದೇವರಿದ್ದಾನೆ ಎಂದವರನ್ನೂ ಬೆವರಿಳಿಸಿದ್ದೇನೆ, ಇಲ್ಲ ಎಂದವರನ್ನೂ ಬೆವರಿಳಿಸಿದ್ದೇನೆ. ಅಂಥ ನನ್ನನ್ನು ಕಾಕಾ ಒಂದು ಕೇರಂ ಬೋರ್ಡಿನ ಮೇಲೆ ಮಣ್ಣುಮುಕ್ಕಿಸಿದರಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.

ಕಾಕಾರ ಹೆಂಡತಿ, ನಮ್ಮ ಕಾಕುವಿನ ತವರು ರಾಜೇಶ್ವರ. ಅಲ್ಲಿ ಕೇರಂ ಆಟದಲ್ಲಿ ನಾಲ್ಕು ಜನ ಅಣ್ಣತಮ್ಮಂದಿರನ್ನು ಸೋಲಿಸಿ ಅಳಿಸಿದವರು ಅವರು. ಲಗ್ನವಾಗಿ ಹದಿನೆಂಟು ವರ್ಷಗಳ ಮೇಲೆ ಒಂದು ದಿನ, "ಮನ್ಯಾಗ ಒಂದ್ ಕೇರಂ ಬೋರ್ಡ್ ಇದ್ರ ಛಲೋ ಇತ್ತು ನೋಡ್ರಿ" ಅಂದರು. ಕಾಕಾ ಮರುವಾರವೇ ಹೈದರಾಬಾದಿಗೆ ಹೊರಟರು. ನನ್ನ ಗ್ರಹಚಾರ, ನಾನೂ ಜೊತೆಗೆ ಹೋದೆ.

ಅಂಗಡಿಯಲ್ಲಿ ಕಾಕಾ ಪ್ರತಿ ಬೋರ್ಡನ್ನೂ ಬಾಗಿಲ ಬೆಳಕಿಗೆ ಹೊತ್ತು ತಂದರು. ಬಟ್ಟೆಯ ಥಾನು ಪರೀಕ್ಷಿಸುವವರಂತೆ ಒಂದು ಕಣ್ಣು ಮುಚ್ಚಿ ಓರೆಯಾಗಿ ನೋಡಿದರು, ಮುಂಗೈಯಿಂದ ಸವರಿದರು, ಕೊನೆಗೆ ಕೆನ್ನೆ ಒತ್ತಿ ಕಣ್ಮುಚ್ಚಿದರು. ಒಂದರಲ್ಲಿ ಕೂದಲೆಳೆಯಷ್ಟು ಗೀರು, ಇನ್ನೊಂದರಲ್ಲಿ ಪಾಲಿಶಿನ ಗುಳ್ಳೆ, ಹೀಗೆ ನಾಲ್ಕು ಬೋರ್ಡು ನಪಾಸಾದವು. ಅಂಗಡಿಯವನಿಗೆ ತಡೆಯಲಿಲ್ಲ.

"ಸೇಠ್, ಖೇಲ್ನಾ ಹೈ ಕಿ ಶಾದಿ ಕರ್ನಾ ಹೈ?"

"ಶಾದಿಗಿ ಹೆಣ್ಣ ನೋಡುವಾಗ ನಾ ಇಷ್ಟು ನೋಡಿದ್ದಿಲ್ಲ" ಅಂದರು ಕಾಕಾ, ಗಂಭೀರವಾಗಿ.

ಐದನೆಯದರ ಮೈತುಂಬ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿತ್ತು. ಕಾಕಾರ ಮುಖ ಅರಳಿತು. "ಈ ಪನ್ನಿ ಎಷ್ಟ್ ವರ್ಷ ಬಾಳತದ?"

ಮನೆಗೆ ಹೋದ ಕೂಡಲೇ ಅದನ್ನು ಕಿತ್ತು ಬಿಸಾಡಬೇಕು ಎಂದ ಅಂಗಡಿಯವನು.

"ಅದನ್ನ ಕೇಳಿಲ್ಲ ನಾ!"

ಬೋರ್ಡನ್ನು ಬಸ್ಸಿನ ಮೇಲೆ ಹಾಕಲು ಕಾಕಾ ಒಪ್ಪುತ್ತಾರೆಯೇ? ತೊಡೆಯ ಮೇಲೆ ನಿಲ್ಲಿಸಿಕೊಂಡು ಅರ್ಧ ಬಸ್ಸಿಗೆ ಗೋಡೆ ಕಟ್ಟಿದರು. "ಯಜಮಾನ್ರ, ಅದಕ್ಕೂ ಒಂದ್ ಟಿಕೀಟ್ ತಗೋರಿ" ಎಂದು ಕಂಡಕ್ಟರ್ ಗುರುಗುಟ್ಟಿದ. "ಕೊಡ್ರಿ. ಕಿಡಕಿ ಬಾಜುದ್ದು ಕೊಡ್ರಿ" ಅಂದರು ಕಾಕಾ. ಜನ ನಕ್ಕರು. ನಾನು ಹುಮನಾಬಾದ್ ಬರುವವರೆಗೂ ಅವರು ಯಾರೋ ಎಂಬಂತೆ ಕೂತಿದ್ದೆ.

ಪನ್ನಿಯ ಮೇಲೆಯೇ ಆಡಬೇಕೆಂದು ಕಾಕಾರ ಹುಕುಂ ಆಯಿತು. ಪನ್ನಿಯ ಮೇಲೆ ಪೌಡರು ಹರಡುತ್ತದೆಯೇ? ಮುದ್ದೆಗಟ್ಟಿ ಕೂತಿತು. ಕಾಕು ಹೊಡೆದ ಸ್ಟ್ರೈಕರ್ ನಾಲ್ಕು ಬೆರಳು ಜಾರಿ, ಡೀಸೆಲ್ ಮುಗಿದ ಬಸ್ಸಿನಂತೆ ನಡುದಾರಿಯಲ್ಲಿ ನಿಂತಿತು. ಕಾಯಿಗಳು ಕದಲಲಿಲ್ಲ. ಮೂರು ದಿನ ಪ್ರಯತ್ನಿಸಿ ಕಾಕು ಕಾಯಿಗಳನ್ನು ಡಬ್ಬಿಗೆ ತುಂಬಿಟ್ಟರು.

"ಯಾಕ ಕಾಕು, ಆಡಂಗಿಲ್ಲೇನ್ರಿ?"

"ಬ್ಯಾಸರ ಆಗೇದೋ ತಮ್ಮಾ."

ಬೇಸರವಂತೆ! ಜೋಳ ಹಸನು ಮಾಡುವಾಗ ಅವರ ಬೆರಳು ಹರಳನ್ನು ಮೊರದ ಮೂಲೆಗೆ ಗುರಿಯಿಟ್ಟು ಚಿಮ್ಮುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನಗೆ ರಕ್ತ ಕುದಿಯಿತು. ನೇರ ಅಂಗಡಿಗೆ ಹೋಗಿ ವಾದ ಹೂಡಿದೆ.

"ಕಾಕಾ, ಬೋರ್ಡ್ ಇರೋದು ಯಾತಕ್ಕ? ಆಡಾಕ. ಪನ್ನಿ ಇದ್ರ ಆಡಾಕ ಬರಂಗಿಲ್ಲ. ಅಂದಮ್ಯಾಲ ನೀವು ಬೋರ್ಡನ್ನ ಯಾತರಿಂದ ಕಾಪಾಡಾಕತ್ತೀರಿ? ಬೋರ್ಡ್ ಆಗೋದರಿಂದ!"

ಕಾಕಾ ಗಜಕೋಲು ಕೆಳಗಿಟ್ಟರು. "ನಿನಗ ಕಪ್ ಕೊಟ್ಟಾರಲ್ಲ, ಅದರಾಗ ಚಾ ಕುಡಿತೀ ಏನ್?"

ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಇದು ಕುತರ್ಕ, ಅಪ್ಪಟ ಕುತರ್ಕ! ಆದರೆ ನಕ್ಕವರ ಮುಂದೆ ಅದನ್ನು ಬಿಡಿಸಿ ಹೇಳುವುದು ಹೇಗೆ?

ಬೇಸಿಗೆ ರಜೆಯಲ್ಲಿ ಮತ್ತೆ ಹೋದಾಗ ಬೋರ್ಡು ಬಿಸಿಲು ಬೀಳುವ ಕಿಟಕಿಯ ಕೆಳಗೆ ಗೋಡೆಗೊರಗಿ ನಿಂತಿತ್ತು. ಕಾಕಾ ಅಂಗಡಿಯಲ್ಲಿ, ಕಾಕು ಅಡಿಗೆಮನೆಯಲ್ಲಿ. ವಾದ ಸಾಕು ಎನ್ನಿಸಿತು. ಒಂದು ಮೂಲೆಗೆ ಉಗುರು ಹಾಕಿ ಚರ್ರನೆ ಎಳೆದೆ. ಅರ್ಧದವರೆಗೆ ಸಲೀಸಾಗಿ ಬಂತು. ಆಮೇಲೆ ಬಿಸಿಲ ಕಾವಿಗೆ ಕಚ್ಚಿಕೊಂಡಿದ್ದ ಪನ್ನಿ ತನ್ನ ಜೊತೆ ಪಾಲಿಶನ್ನೂ ಕಿತ್ತುಕೊಂಡು ಬಂತು. ಬೋರ್ಡಿನ ನಡುವೆ ರೊಟ್ಟಿಯಗಲದ ಜಾಗ ಬೆಕ್ಕಿನ ನಾಲಿಗೆಯಂತೆ ತರಿತರಿಯಾಯಿತು.

ನಾಚಿಕೆಯಿಲ್ಲದೆ ಹೇಳುತ್ತೇನೆ: ನನಗೆ ಮೊದಲು ಆದದ್ದು ಖುಷಿ! ಊಟಕ್ಕೆ ಬಂದ ಕಾಕಾರನ್ನು ಬಾಗಿಲಲ್ಲೇ ಹಿಡಿದೆ. "ನೋಡ್ರಿ, ನಿಮ್ಮ ಪನ್ನಿನೇ ಬೋರ್ಡ್ ತಿಂದದ!"

ಕಾಕಾ ಬೈಯಲಿಲ್ಲ. ಚಪ್ಪಲಿಯನ್ನೂ ಬಿಡದೆ ಬಂದು ಕುಕ್ಕರಗಾಲಲ್ಲಿ ಕೂತರು. ತರಿಯಾದ ಜಾಗದ ಮೇಲೆ ಮುಂಗೈ ಇಟ್ಟರು.

"ಹದಿನೆಂಟ್ ವರ್ಷದಾಗ ಆಕಿ ಬಾಯಿಬಿಟ್ಟು ಕೇಳಿದ್ದು ಇದೊಂದೇ ನೋಡು" ಎಂದರು, ನನಗಲ್ಲ, ಬೋರ್ಡಿಗೆ ಹೇಳಿದಂತೆ. "ಇದೂ ಹಾಳಾದ್ರ, ಮತ್ತೇನೂ ಕೇಳಂಗಿಲ್ಲ ಅಂತ ಅಂಜಿಕಿ ಇತ್ತು."

ಕೈಯಲ್ಲಿದ್ದ ಪನ್ನಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಕಾಕು ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ! ಸೆರಗಿಗೆ ಕೈ ಒರೆಸಿಕೊಂಡು ಬೋರ್ಡನ್ನು ನೆಲಕ್ಕೆ ಹಾಸಿ, ಕಾಯಿಡಬ್ಬಿ ತಂದು ಸುರಿದರು. "ಕೂಡ್ರಿ ಎದುರಿಗೆ" ಅಂದರು ಗಂಡನಿಗೆ. ಕಾಕುವಿನ ಮೊದಲ ಹೊಡೆತಕ್ಕೇ ಎರಡು ಕಾಯಿ ಗುಂಡಿಗೆ ಬಿದ್ದವು. ಮುಂದಿನದು ತರಿಯಾದ ಜಾಗದಲ್ಲಿ ಎಡವಿ ಅಡ್ಡಹಾದಿ ಹಿಡಿಯಿತು.

ನಿಯಮದ ಪ್ರಕಾರ ಪಾಳಿ ಎದುರಾಳಿಯದು. ಹೇಳಲು ಬಾಯಿ ತೆರೆದೆ.

"ಇನ್ನೊಮ್ಮೆ ಹೊಡಿ" ಅಂದರು ಕಾಕಾ. "ಅದು ಬೋರ್ಡಿನ ತಪ್ಪದ."

"ಬೋರ್ಡಿಗಿ ಏನೂ ಆಗಿಲ್ರಿ" ಎಂದು ಕಾಕು ಆ ಜಾಗದ ಮೇಲೆ ಅಂಗೈಯಿಂದ ಪೌಡರು ಸವರಿದರು. ಆಮೇಲೆ ತಲೆಯೆತ್ತದೆ ನನಗೆ ಹೇಳಿದರು:

"ತಮ್ಮಾ, ರೊಟ್ಟಿ ಬುಟ್ಟ್ಯಾಗ ಅವ. ನೀನೇ ತಗೊಂಡು ಉಣ್ಣು. ನಮಗ ತಡ ಆಗ್ತದ."