ಹತ್ತನೇ ನಂಬರಿನವನ ವಕೀಲರು

ನನ್ನ ಭಾವನವರು ಐರ್ಲೆಂಡಿಗೆ ಬಂದು ಹದಿನಾಲ್ಕು ವರ್ಷವಾಯಿತು. ಈ ದೇಶದವರು ಪ್ರಾಣ ಬಿಡುವ ಯಾವ ಆಟವನ್ನೂ ಅವರು ಈವರೆಗೆ ಹತ್ತು ನಿಮಿಷ ಕೂತು ನೋಡಿಲ್ಲ. ಆದರೂ ಅವರಿಗೆ ಇಲ್ಲಿನ ಪಾಸ್‌ಪೋರ್ಟ್ ಕೊಟ್ಟಿದ್ದಾರೆಂದರೆ ಐರಿಷ್ ಜನರ ಮನಸ್ಸು ಎಷ್ಟು ದೊಡ್ಡದಿರಬೇಕು, ನೀವೇ ಹೇಳಿ.

ಹಾಗಂತ ಅವರಿಗೆ ಆಟದ ಹುಚ್ಚಿಲ್ಲ ಅಂದುಕೊಳ್ಳಬೇಡಿ. ಹುಚ್ಚು ಧಾರಾಳವಾಗಿದೆ, ಆದರೆ ಅದು ಸಮುದ್ರದ ಆಚೆ ದಡದ್ದು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ರಗ್ಬಿ ಲೀಗ್ ಅಂತ ಒಂದು ಆಟವಿದೆ. ಐರ್ಲೆಂಡಿನಲ್ಲಿ ಬರೀ ರಗ್ಬಿ ಅಂದರೆ ಹದಿನೈದು ಜನರ ಆಟ. ಭಾವನವರದ್ದು ಹದಿಮೂರು ಜನರದ್ದು. ಆ ಇಬ್ಬರು ಎಲ್ಲಿ ಹೋದರು, ಯಾಕೆ ಹೋದರು ಎಂಬ ಪುರಾಣವನ್ನು ಅವರು ಸಿಕ್ಕಿದವರಿಗೆಲ್ಲ ಹೇಳುತ್ತಾರೆ. ಒಮ್ಮೆ ಟ್ಯಾಕ್ಸಿಯವನೊಬ್ಬ ಪಾಪ, ಮಾತಿಗೆ ಇರಲಿ ಅಂತ "ರಗ್ಬಿ ನೋಡ್ತೀರಾ?" ಎಂದು ಕೇಳಿಬಿಟ್ಟ. ಮನೆ ಬಂದರೂ ಪುರಾಣ ಮುಗಿಯಲಿಲ್ಲ. ಕೊನೆಗೆ ಆತನೇ ಇಳಿದು ನಮ್ಮ ಸಾಮಾನನ್ನು ಬಾಗಿಲ ತನಕ ಹೊತ್ತು ತಂದಿಟ್ಟ. ಉಪಕಾರ ಮಾಡುವ ಆಸೆಯಿಂದಲ್ಲ, ಪಾರಾಗುವ ಆಸೆಯಿಂದ.

ಭಾವನವರೆಂದರೆ ನನ್ನ ಅಕ್ಕನ ಗಂಡ. ಕಾರ್ಕಳದವರು. ಸ್ಲೈಗೋದ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ನಾನು ಮೈಸೂರಿನಿಂದ ವರ್ಕ್ ಪರ್ಮಿಟ್ ಮೇಲೆ ಇದೇ ಊರಿಗೆ ಬಂದಾಗ ಬಾಡಿಗೆಗೆ ಒಂದು ಕೋಣೆಯೂ ಸಿಗಲಿಲ್ಲ. "ನಮ್ಮ ಮಹಡಿ ಮೇಲಿನ ಕೋಣೆ ಖಾಲಿ ಉಂಟಲ್ಲ, ಮತ್ತೆ ಎಂತ?" ಅಂದವರು ಅವರೇ. ಹೀಗೆ ನಾನು ಅವರ ಮನೆಗೂ ಅವರ ಆಟಕ್ಕೂ ಏಕಕಾಲದಲ್ಲಿ ಸಿಕ್ಕಿಬಿದ್ದೆ.

"ಮದುವೆಗೆ ಮುಂಚೆ ಅಪ್ಪ ಜಾತಕ ನೋಡಿದ್ರು, ಗೋತ್ರ ನೋಡಿದ್ರು," ಅಂತ ಅಕ್ಕ ಮೊದಲ ದಿನವೇ ಎಚ್ಚರಿಸಿದ್ದಳು. "ಮ್ಯಾಚ್ ಪಟ್ಟಿ ಒಂದು ನೋಡ್ಲಿಲ್ಲ ನೋಡು."

ಈ ಹುಚ್ಚು ಹತ್ತಿಸಿದವನು ಕೆನ್. ಇಂಗ್ಲೆಂಡಿನ ಗಣಿ ಊರಿನಿಂದ ಬಂದು ಇಲ್ಲಿನ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದವನು, ಈಗ ನಿವೃತ್ತ. ಭಾವನವರು ಮದುವೆಗೆ ಮುಂಚೆ ಒಬ್ಬರೇ ಬಂದಿದ್ದ ಮೊದಲ ಚಳಿಗಾಲದಲ್ಲಿ ಅವನ ಮನೆಯಲ್ಲೇ ಬಾಡಿಗೆಗಿದ್ದರು. ಭಾಷೆಯ ಧಾಟಿ ಅರ್ಥವಾಗದೆ, ಊಟ ಸೇರದೆ, ಸಂಜೆ ನಾಲ್ಕಕ್ಕೇ ಕತ್ತಲಾಗುವುದನ್ನು ನೋಡಿ ಅಳು ಬರುತ್ತಿದ್ದ ಕಾಲ. ಕೆನ್ ಟಿವಿ ಹಾಕಿ ತನ್ನೂರಿನ ತಂಡದ ಆಟ ತೋರಿಸಿದ. ಭಾವನವರು ಎದ್ದು ಕೂತರು. "ಇದು ನಮ್ಮ ಕಬಡ್ಡಿಯೇ ಅಲ್ವಾ, ಕೈಗೊಂದು ಚೆಂಡು ಕೊಟ್ಟಿದ್ದಾರೆ ಅಷ್ಟೆ" ಅಂದರಂತೆ. ಅಂದಿನಿಂದ ಅದು ಅವರ ತಂಡ. ಆ ಊರನ್ನು ಅವರು ಇವತ್ತಿಗೂ ಕಂಡಿಲ್ಲ. ಆದರೆ ಅದರ ಸೋಲಿಗೆ ಒಪ್ಪತ್ತು ಉಪವಾಸವಿರುತ್ತಾರೆ.

ಯುಗಾದಿಗೆ ನಮ್ಮ ಕನ್ನಡದವರೆಲ್ಲ ಒಂದು ಹಾಲ್ ಹಿಡಿದು ಸೇರುತ್ತೇವೆ. ಈ ಸಲ ಅಲ್ಲೊಬ್ಬ ದಂತವೈದ್ಯರು ಹೋಳಿಗೆ ತಟ್ಟೆ ಹಿಡಿದು ಬರುತ್ತಾ, "ಅದೇನ್ರೀ ನಿಮ್ ಆಟ, ಏನ್ ರೂಲ್ಸು?" ಎಂದು ಕೇಳಿದರು. "ಸುಲಭ. ಚೆಂಡು ಹಿಡಿದವನನ್ನು ಆರು ಸಲ ಕೆಡವಿದ್ರೆ ಚೆಂಡು ಎದುರು ತಂಡಕ್ಕೆ" ಎಂದ ಭಾವನವರು, ಹೇಗೆ ಕೆಡವುವುದೆಂದು ತೋರಿಸಲು ಅವರ ಸೊಂಟಕ್ಕೆ ಕೈ ಹಾಕಿದರು. ಆರು ಸಲ ಬೇಕಾಗಲಿಲ್ಲ. ಒಂದೇ ಸಲಕ್ಕೆ ಹೋಳಿಗೆ, ತುಪ್ಪದ ಸಮೇತ, ದಂತವೈದ್ಯರ ಹೆಂಡತಿಯ ರೇಷ್ಮೆ ಸೀರೆಯ ಪಾಲಾಯಿತು. ಅಂದಿನಿಂದ ಹಲ್ಲು ನೋವು ಬಂದರೆ ಭಾವನವರು ಬೇರೆ ಊರಿಗೆ ಹೋಗುತ್ತಾರೆ.

ಇಂಥವರ ಬದುಕಿನಲ್ಲಿ ಆ ಸಿಡಿಲು ಬಡಿಯಿತು. ಅವರ ತಂಡದಲ್ಲಿ ಹತ್ತನೇ ನಂಬರಿನ ಅಂಗಿಯವನೊಬ್ಬನಿದ್ದಾನೆ, ಆಲದ ಬೊಡ್ಡೆಯಂಥ ಆಳು. ಒಂದು ಪಂದ್ಯದಲ್ಲಿ ಅವನು ಓಡಿ ಬರುತ್ತಿದ್ದ ಎದುರಾಳಿಯನ್ನು ತಡೆಯುವಾಗ ಅವನ ಭುಜ ನೇರ ಎದುರಾಳಿಯ ತಲೆಗೆ ಬಡಿಯಿತು. ರೆಫರಿ ಕೆಂಪು ಕಾರ್ಡ್ ತೋರಿಸಿದರು. ಮಾರನೇ ವಾರ ಶಿಸ್ತು ಸಮಿತಿ ಕೂತು ನಾಲ್ಕು ಪಂದ್ಯಗಳ ನಿಷೇಧ ಹಾಕಿತು.

ಮನೆಗೆ ಸೂತಕ ಬಂದ ಹಾಗಾಯಿತು. ಭಾವನವರು ಆ ಹನ್ನೊಂದು ಸೆಕೆಂಡಿನ ವಿಡಿಯೋವನ್ನು ಫೋನಿನಲ್ಲಿ ಇಳಿಸಿಕೊಂಡು ತಿಂಡಿಗೆ ಮುಂಚೆ, ತಿಂಡಿಯ ಜೊತೆ, ತಿಂಡಿಯ ನಂತರ ನೋಡತೊಡಗಿದರು. ನಮಗೂ ತೋರಿಸಿದರು. ಆಸ್ಪತ್ರೆಯಲ್ಲಿ ಪ್ರಿಂಟರ್ ಕೆಟ್ಟಿದೆ ಅಂತ ಕರೆದವರಿಗೂ ತೋರಿಸಿದರು.

ಶನಿವಾರ ಬೆಳಿಗ್ಗೆ ವಿಚಾರಣೆ. ಸ್ಲೈಗೋದಲ್ಲಿ ಈ ತಂಡಕ್ಕೆ ಒಟ್ಟು ಮೂರು ಜನ ಅಭಿಮಾನಿಗಳು: ಭಾವನವರು, ಕೆನ್, ಮತ್ತು ಮೋರಾ ಎಂಬ ಹೆಂಗಸು. ಮೋರಾ ಇಂಗ್ಲೆಂಡಿನ ಅದೇ ಊರಿನ ಶಾಲೆಯಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿ, ಹುಟ್ಟೂರಿಗೆ ಮರಳಿ ಒಂದು ಟೀ ಅಂಗಡಿ ಇಟ್ಟುಕೊಂಡಿದ್ದಾರೆ. ಆ ಅಂಗಡಿಯ ಹಿಂದಿನ ಮೇಜೇ ನ್ಯಾಯಾಲಯ. ನನ್ನನ್ನು ಸಭಿಕಳಾಗಿ ಕರೆದುಕೊಂಡು ಹೋಗಿದ್ದರು. ಸಭಿಕರಿಲ್ಲದೆ ವಾದಕ್ಕೆ ಕಳೆಯೆಲ್ಲಿ?

"ಎದುರಾಳಿ ಕೊನೆ ಕ್ಷಣದಲ್ಲಿ ತಲೆ ತಗ್ಗಿಸಿದ," ಎಂದ ಕೆನ್. "ನಮ್ಮವನೇನು ಮಾಡ್ತಾನೆ? ಮಂಡಿಯೂರಿ ತಡೀಬೇಕಿತ್ತಾ?"

"ತಲೆ ತಲೆಯೇ ಕೆನ್," ಎಂದರು ಮೋರಾ, ಸ್ಕೋನ್ ಎಂಬ ಬನ್ನಿಗೆ ಬೆಣ್ಣೆ ಸವರುತ್ತಾ. "ನಮ್ಮವನು ಹೊಡೆದರೂ ತಲೆಯೇ."

ಭಾವನವರು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿದರು. "ಇಲ್ಲಿ ನೋಡಿ. ಬಿದ್ದ. ಎದ್ದ. ಯಾರ ಸಹಾಯವೂ ಇಲ್ಲದೆ ತಾನೇ ನಡೆದ. ಪೆಟ್ಟು ಬಿದ್ದವನು ಹೀಗೆ ನಡೆಯುತ್ತಾನಾ?"

"ನಡೆದದ್ದು ಸರಿ. ಎಲ್ಲಿಗೆ?" ಎಂದು ಮೋರಾ ಬೆಣ್ಣೆ ಚಾಕುವಿನಿಂದ ಫೋನಿನ ಪರದೆ ತೋರಿಸಿದರು. "ಅವನ ತಂಡ ಎಡಗಡೆ ನಿಂತಿದೆ. ಅವನು ಬಲಗಡೆ ಹೋಗ್ತಿದ್ದಾನೆ, ಮುಗುಳ್ನಗ್ತಾ. ಪಾಪ, ಯಾವ ಊರಲ್ಲಿದ್ದೇನೆ ಅಂತ ಅವನಿಗೇ ಗೊತ್ತಿಲ್ಲ."

"ಗಾಳಿಗೆ ಹೋದದ್ದು," ಎಂದರು ಭಾವನವರು. ಗಾಳಿಯಂತೆ.

ಅಂದು ಮನೆಗೆ ಬಂದವರೇ ಅವರು ಶಿಸ್ತು ಸಮಿತಿಗೆ ಒಂದು ಅರ್ಜಿ ಬರೆದರು. ಬರೆದರು ಅನ್ನುವುದಕ್ಕಿಂತ ರಚಿಸಿದರು ಅನ್ನಬೇಕು, ಏಳು ಪುಟವಿತ್ತು. ಸಹಿ ಸಾಲದ್ದಕ್ಕೆ ನನ್ನ ಬಳಿ ಬಂದರು. ನನಗೆ ಮೋರಾ ಹೇಳಿದ್ದೇ ಸರಿ ಅನ್ನಿಸಿತ್ತು. ಆದರೆ ಭಾವನವರು ನೀರುದೋಸೆ ಹುಯ್ಯುತ್ತಾ ಕೇಳಿದರು, ಪಕ್ಕದಲ್ಲಿ ಕಾಯಿ ಬೆಲ್ಲ ಇತ್ತು. ನಾನು ನಾಲ್ಕನೇ ದೋಸೆಗೆ ಸಹಿ ಹಾಕಿದೆ. ನ್ಯಾಯ ಅಷ್ಟು ಅಗ್ಗವಾಗಬಾರದಿತ್ತು, ಗೊತ್ತು. ಆದರೆ ಆ ದೋಸೆ ನೀವು ತಿಂದಿಲ್ಲ.

ಮರುದಿನ, ಭಾನುವಾರ ಮಧ್ಯಾಹ್ನ, ಮೂಲೆಯ ಅಂಗಡಿಯಿಂದ ಹಾಲು ತರಲು ಅಕ್ಕನ ಸೈಕಲ್ ಹತ್ತಿ ಹೊರಟೆ. ಎರಡು ನಿಮಿಷದ ದಾರಿಗೆ ಹೆಲ್ಮೆಟ್ ಯಾಕೆ ಅಂದುಕೊಂಡೆ. ರಸ್ತೆಯ ತಿರುವಿನಲ್ಲಿ ಒದ್ದೆ ಎಲೆಗಳ ಮೇಲೆ ಚಕ್ರ ಜಾರಿತು. ತಲೆಯ ಬಲಭಾಗ ಕಾಲುದಾರಿಯ ಕಲ್ಲಂಚಿಗೆ ತಗುಲಿತು. ನಾಯಿ ಹಿಡಿದುಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು ಓಡಿ ಬಂದು "ಏನಾದರೂ ಆಯಿತಾ ಮಗಳೇ?" ಎಂದು ಕೇಳಿದರು. ಈ ದೇಶದಲ್ಲಿ ಇಂಥ ಪ್ರಶ್ನೆಗೆ ಇರುವುದು ಒಂದೇ ಉತ್ತರ. "ಗ್ರ್ಯಾಂಡ್," ಅಂದೆ, ಚೆನ್ನಾಗಿದ್ದೇನೆ ಅಂತ. ರಕ್ತವಿಲ್ಲ, ಗಾಯವಿಲ್ಲ. ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ.

ಅಕ್ಕ ಪೇಟೆಗೆ ಹೋಗಿದ್ದಳು. ಭಾವನವರು ಮೇಜಿನ ಮೇಲೆ ಅರ್ಜಿಯ ಏಳು ಪುಟ ಹರಡಿಕೊಂಡು ಅಲ್ಪವಿರಾಮಗಳನ್ನು ತಿದ್ದುತ್ತಿದ್ದರು.

"ಹಾಲು ಎಲ್ಲಿ?" ಅಂದರು.

"ಬಿದ್ದೆ ಭಾವ. ಏನೂ ಆಗಿಲ್ಲ. ಸ್ವಲ್ಪ ಮಲಗ್ತೀನಿ, ಎದ್ದು ಟೀ ಮಾಡ್ಕೊಡ್ತೀನಿ."

"ತಲೆಗೆ ತಾಗಿತಾ?"

"ಇಲ್ಲ. ಸ್ವಲ್ಪ. ಮೊದ್ಲು ಟೀನೇ ಮಾಡ್ತೀನಿ ಬಿಡಿ," ಎಂದು ನಾನು ಅಡುಗೆಮನೆಗೆ ಹೊರಟೆನಂತೆ. ಅಂತೆ ಅನ್ನುವುದು ಯಾಕೆಂದರೆ ಇಲ್ಲಿಂದ ಮುಂದಿನದು ನನಗೆ ನೆನಪಿಲ್ಲ, ಅವರು ಹೇಳಿದ್ದು. ಅಡುಗೆಮನೆ ಎಡಕ್ಕಿದೆ. ನಾನು ಬಲಕ್ಕೆ ತಿರುಗಿ, ಹಿತ್ತಲ ಬಾಗಿಲು ತೆಗೆದು, ಹುಲ್ಲಿನ ಮೇಲೆ ನಡೆದುಕೊಂಡು ಹೋದೆನಂತೆ. ಮುಗುಳ್ನಗುತ್ತಾ.

ಭಾವನವರು ಪೆನ್ನು ಕೆಳಗಿಟ್ಟರು. ಆ ನಡಿಗೆಯನ್ನು ಅವರು ನೂರು ಸಲ ನೋಡಿದ್ದರು. ಅದು ನಿರಪರಾಧಿತ್ವಕ್ಕೆ ಸಾಕ್ಷಿ ಅಂತ ಮೂರನೇ ಪುಟದಲ್ಲಿ ಬರೆದೂ ಇದ್ದರು.

ಹಿಂದೆಯೇ ಓಡಿ ಬಂದು ನನ್ನ ಎರಡೂ ಭುಜ ಹಿಡಿದು, "ಇವತ್ತು ಯಾವ ವಾರ, ಹೇಳು," ಎಂದರು.

"ಮಂಗಳವಾರ."

"ನಾವು ಯಾವ ಊರಲ್ಲಿದ್ದೇವೆ?"

"ಆಟ ಆಡ್ಬೇಡಿ ಭಾವ. ಮೈಸೂರು, ಸರಸ್ವತಿಪುರಂ."

ಅವರು ರಗ್ಬಿಯ ಪ್ರಶ್ನೆ ಕೇಳಲಿಲ್ಲ, ಪುಣ್ಯ. ಅದಕ್ಕೆ ನಾನು ನೆಟ್ಟಗಿರುವಾಗಲೂ ತಪ್ಪುತ್ತರವನ್ನೇ ಕೊಡುತ್ತಿದ್ದೆ. ನನಗೆ ಮಲಗಬೇಕು, ಬರುವುದಿಲ್ಲ ಎಂದು ನಾನು ಹಟ ಹಿಡಿದೆನಂತೆ, ಜಗಳವನ್ನೂ ಆಡಿದೆನಂತೆ. ಅವರು ನನ್ನನ್ನು ಎತ್ತಿ ಕಾರಿನಲ್ಲಿ ಕೂರಿಸಿದರು. ಮನೆಯ ಬಾಗಿಲು ಹಾಕಿರಲಿಲ್ಲ. ಅವರ ಕಾಲಲ್ಲಿ ಒಂದೇ ಚಪ್ಪಲಿ ಇತ್ತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ತಲೆಬುರುಡೆಯ ಒಳಗೆ ತೆಳುವಾಗಿ ರಕ್ತ ಜಿನುಗುತ್ತಿತ್ತು. ಚಿತ್ರಗಳು ಡಬ್ಲಿನ್ನಿನ ತಜ್ಞರಿಗೆ ಹೋದವು. ಆಪರೇಷನ್ ಸದ್ಯಕ್ಕೆ ಬೇಡ, ಕಣ್ಣಿಟ್ಟು ನೋಡಿಕೊಳ್ಳಿ ಎಂದರು. ಆರು ದಿನ ದಾದಿಯರು ಗಂಟೆಗಂಟೆಗೆ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿಕೊಂಡರು. ರಕ್ತ ನಿಂತಿತು. ಮನೆಯಲ್ಲೇ ಮಲಗಿಬಿಟ್ಟಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ಅಕ್ಕನಿಗೆ ಹೇಳಿದರು. ಆಮೇಲೆ ಭಾವನವರ ಕಡೆ ತಿರುಗಿ, "ಇಷ್ಟು ಬೇಗ ಹೇಗೆ ಗುರುತಿಸಿದಿರಿ? ನೀವು ಯಾವ ವಿಭಾಗದ ಡಾಕ್ಟರು?" ಎಂದು ಕೇಳಿದರು.

"ಡಾಕ್ಟರಲ್ಲ," ಎಂದರು ಭಾವನವರು. "ರಗ್ಬಿ ಲೀಗ್."

ಡಾಕ್ಟರಮ್ಮ ಅದ್ಯಾವ ವಿಭಾಗ ಎಂದು ಕೇಳಲಿಲ್ಲ. ಕೇಳಿದ್ದರೂ, ಹದಿಮೂರು-ಹದಿನೈದರ ಪುರಾಣ ಹೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಗೋಡೆಗೆ ಒರಗಿ ನಿಂತಿದ್ದರು ಎಂದಳು ಅಕ್ಕ.

ಮುಂದಿನ ಶನಿವಾರ ಟೀ ಅಂಗಡಿಯಲ್ಲಿ ನಡೆದದ್ದನ್ನು ನನಗೆ ಹೇಳಿದವರು ಮೋರಾ. ಭಾವನವರು ಹೋಗಿ ಕೂತು, ಏಳು ಪುಟಗಳನ್ನು ಎರಡಾಗಿ ಹರಿದು ಮೇಜಿನ ಮೇಲಿಟ್ಟರಂತೆ.

"ನಾಲ್ಕು ಪಂದ್ಯದ ಶಿಕ್ಷೆ ಸಾಲದು," ಎಂದರಂತೆ.

"ತಲೆ ಕೆಟ್ಟಿದೆಯಾ ನಿನಗೆ?" ಎಂದು ಕೆನ್ ಮೇಜು ಗುದ್ದಿದ. "ಅವನು ನಮ್ಮ ಹುಡುಗ."

"ಪೆಟ್ಟು ತಿಂದವನೂ ಯಾರದೋ ಮನೆ ಹುಡುಗ, ಕೆನ್. ಅವನ ಮನೆಯಲ್ಲಿ ಆ ಹೊತ್ತು ಯಾರಿದ್ದರೋ ಏನೋ." ಆಮೇಲೆ ನನ್ನ ವಿಷಯ ಹೇಳಿದರಂತೆ. ಕೆನ್ ಟೀ ಪೂರ್ತಿ ಕುಡಿಯದೆ ಎದ್ದುಹೋದ. ಅಂದು ಮಧ್ಯಾಹ್ನ ನಮ್ಮ ಮನೆ ಬಾಗಿಲಲ್ಲಿ ಬಟ್ಟೆ ಸುತ್ತಿದ ಬಿಸಿ ಬ್ರೆಡ್ಡಿನೊಂದಿಗೆ ನಿಂತಿದ್ದ. ಅವನೇ ಮಾಡಿದ್ದಂತೆ. ಕಲ್ಲಿನ ಹಾಗಿತ್ತು. ನಾನು ಪೂರ್ತಿ ತಿಂದೆ.

ಎರಡು ತಿಂಗಳು ಕೆಲಸ ಬೇಡ, ಫೋನು ಟಿವಿ ಬೇಡ, ಗದ್ದಲ ಬೇಡ ಎಂದು ಡಾಕ್ಟರಮ್ಮ ಬರೆದುಕೊಟ್ಟಿದ್ದರು. ಒಂದು ಚಮಚ ಬಿದ್ದರೂ ತಲೆಯೊಳಗೆ ಗಂಟೆ ಬಾರಿಸಿದ ಹಾಗಾಗುತ್ತಿತ್ತು. ನಾನು ಕಿಟಕಿಯ ಪರದೆ ಎಳೆದುಕೊಂಡು ಮಹಡಿಯ ಕೋಣೆಯಲ್ಲಿ ಮಲಗಿರುತ್ತಿದ್ದೆ. ಭಾವನವರು ಹಾಲು ಗಂಜಿ, ಬೇಯಿಸಿದ ಬಾಳೆಹಣ್ಣು ತಂದಿಟ್ಟು ಬೆಕ್ಕಿನ ಹಾಗೆ ಇಳಿದುಹೋಗುತ್ತಿದ್ದರು. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಇವರು ಆಟ ನೋಡುವುದನ್ನೇ ಬಿಟ್ಟರೇನೋ ಅಂದುಕೊಂಡಿದ್ದೆ. ಪಾಪ ಅನ್ನಿಸಿತ್ತು.

ಐದನೇ ವಾರ ಒಂದು ಮಧ್ಯಾಹ್ನ ಎದ್ದು ಪರದೆ ಸ್ವಲ್ಪ ಸರಿಸಿ ನೋಡಿದೆ. ಮಳೆ ಸುರಿಯುತ್ತಿತ್ತು. ಮುಂಬಾಗಿಲಿನಿಂದ ಭಾವನವರು ಹೊರಗೆ ಓಡಿದರು, ಕೊಡೆಯಿಲ್ಲ. ಅಂಗಳದಲ್ಲಿ ನಿಂತಿದ್ದ ಕಾರಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಾಜು ಏರಿಸಿದರು. ಆಮೇಲೆ ಎರಡೂ ಮುಷ್ಟಿ ಮೇಲೆತ್ತಿ, ಬಾಯಿ ಪೂರ್ತಿ ತೆರೆದು, ಕುತ್ತಿಗೆಯ ನರ ಉಬ್ಬಿಸಿ ಕಿರುಚಿದರು. ಕಾರು ಅಲ್ಲಾಡಿತು. ನನ್ನವರೆಗೆ ಒಂದು ಸದ್ದೂ ಬರಲಿಲ್ಲ.

ಸಂಜೆ ಅಕ್ಕನನ್ನು ಕೇಳಿದೆ. "ಹತ್ತನೇ ನಂಬರಿನವನು ಇವತ್ತು ವಾಪಸ್ ಬಂದ್ನಂತೆ, ಬಂದವನೇ ಪಾಯಿಂಟ್ ಹೊಡೆದ್ನಂತೆ," ಎಂದಳು. "ನೀನು ಆಸ್ಪತ್ರೆಯಿಂದ ಬಂದಾಗಿನಿಂದ ಹೀಗೇ ಕಣೇ. ಟಿವಿ ಸೌಂಡ್ ಪೂರ್ತಿ ಆಫ್. ಕೂಗೋದಾದ್ರೆ ಕಾರಿಗೆ."

ಆದರೆ ನನಗೆ ಕಿಟಕಿಯಿಂದ ಕಂಡದ್ದು ಇನ್ನೂ ಸ್ವಲ್ಪವಿತ್ತು. ಕೂಗಿ ಮುಗಿದ ಮೇಲೆ ಭಾವನವರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಇಳಿದರು. ತಲೆಯ ಮೇಲೆ ಮಳೆ ಹೊಯ್ಯುತ್ತಿತ್ತು. ಅವರು ಅವಸರ ಮಾಡಲಿಲ್ಲ. ಕಾರಿನ ಬಾಗಿಲನ್ನು ಎರಡೂ ಕೈಯಿಂದ ಹಿಡಿದು, ಮಲಗಿದ ಕೂಸಿನ ಕೋಣೆಯ ಬಾಗಿಲು ಹಾಕುವವರ ಹಾಗೆ, ಮೆಲ್ಲಗೆ ಒತ್ತಿ ಮುಚ್ಚಿದರು.